ಗಾಜಿನ ತೊಟ್ಟಿಯ ಕಡಲಿನಲ್ಲಿ ಪಾಚಿ

ಮಳೆಗಾಲದಲ್ಲಿ ಅಂಗಳ ದಾಟುವಾಗ ನೀವು ಎಂದಾದರೂ ಜಾರಿ ಬಿದ್ದಿದ್ದೀರಾ? ಆಟಿ ತಿಂಗಳು ಬಂತೆಂದರೆ ಮುರಕಲ್ಲಿನ ಮೆಟ್ಟಿಲು, ಬಾವಿಕಟ್ಟೆ, ತೋಟದ ಕೆರೆಯ ದಂಡೆ ಎಲ್ಲವೂ ಹಸುರಾಗುತ್ತವೆ. ಕಾಲಿಟ್ಟರೆ ನುಣುಪು. ಅದೇ ಪಾಚಿ. ಕೆಲವರು ಅದನ್ನು ಹಾವಸೆ ಎಂದೂ ಕರೆಯುತ್ತಾರೆ. ಮನೆಯ ಹಿರಿಯರು ಅದರ ಮೇಲೆ ಬ್ಲೀಚಿಂಗ್ ಪುಡಿ ಎರಚಿ ಉಜ್ಜುತ್ತಾರೆ. ಇಲ್ಲವೇ ಅಡಿಕೆಯ ಸೋಗೆ ಹಾಸಿ ನಡೆಯಲು ದಾರಿ ಮಾಡುತ್ತಾರೆ.

ಇದೇ ಪಾಚಿ ಒಂದು ಗಾಜಿನ ತೊಟ್ಟಿಯೊಳಗೆ ಬಂತೆಂದು ಭಾವಿಸಿ. ಅದು ಸಾಮಾನ್ಯವಾದ ಮೀನಿನ ತೊಟ್ಟಿಯಲ್ಲ. ಅದರಲ್ಲಿರುವುದು ಉಪ್ಪುನೀರು. ತಳದಲ್ಲಿ ಬಿಳಿಯ ಮರಳು. ನಡುವೆ ಕಲ್ಲುಗಳ ಸಣ್ಣ ಗುಡ್ಡೆ. ಆ ಕಲ್ಲುಗಳ ಮೇಲೆ ಕೆಂಪು, ನೇರಳೆ, ಹಸುರು ಬಣ್ಣದ ಜೀವಂತ ಹವಳಗಳು. ಜಗತ್ತಿನ ಹಲವು ದೊಡ್ಡ ನಗರಗಳಲ್ಲಿ ಇಂತಹ ಮತ್ಸ್ಯಾಲಯಗಳಿವೆ. ಅಲ್ಲಿನ ಕೆಲಸಗಾರರಿಗೆ ಅತಿ ಹೆಚ್ಚು ತೊಂದರೆ ಕೊಡುವುದು ಯಾವುದು ಗೊತ್ತೇ? ಮೊಸಳೆಯಲ್ಲ, ಶಾರ್ಕ್ ಮೀನೂ ಅಲ್ಲ. ಈ ಪಾಚಿಯೇ!

ಇಲ್ಲಿ ಬ್ಲೀಚಿಂಗ್ ಪುಡಿ ನಡೆಯುವುದಿಲ್ಲ. ಅದನ್ನು ಹಾಕಿದರೆ ಪಾಚಿಯೊಂದಿಗೆ ಮೀನು, ಏಡಿ, ಹವಳ ಎಲ್ಲವೂ ಸಾಯುತ್ತವೆ. ಅಡಿಕೆ ಮರಕ್ಕೆ ಮದ್ದು ಬಿಡುವಾಗ ಸುಣ್ಣದೊಂದಿಗೆ ಬೆರೆಸುವ ಮೈಲುತುತ್ತನ್ನು ನೀವು ನೋಡಿರಬಹುದು. ಅದಕ್ಕೂ ಪಾಚಿಯನ್ನು ಕೊಲ್ಲುವ ಶಕ್ತಿ ಇದೆ. ಆದರೆ ಅದರಲ್ಲಿರುವ ತಾಮ್ರ ಬಸವನಹುಳುಗಳಿಗೂ ಹವಳಗಳಿಗೂ ವಿಷ. ಹಾಗಾದರೆ ಏನು ಮಾಡಬೇಕು? ಕಡಲು ಏನು ಮಾಡುತ್ತದೆಯೋ ಅದನ್ನೇ ತೊಟ್ಟಿಯಲ್ಲೂ ಮಾಡಬೇಕು. ಅದು ಹೇಗೆಂದು ನೋಡೋಣ.

ಮೊದಲು ಹವಳವನ್ನು ತಿಳಿದುಕೊಳ್ಳೋಣ. ಹವಳ ಕಲ್ಲಲ್ಲ, ಗಿಡವೂ ಅಲ್ಲ. ಅದು ಪ್ರಾಣಿ. ಸಾಸಿವೆಯಿಂದ ಹಿಡಿದು ನಾಣ್ಯದಷ್ಟು ಗಾತ್ರದ ಪುಟ್ಟ ಪ್ರಾಣಿಗಳು ಸಾವಿರ ಸಾವಿರವಾಗಿ ಒಟ್ಟಿಗೆ ಬಾಳುತ್ತವೆ. ಒಂದೊಂದಕ್ಕೂ ಒಂದು ಬಾಯಿ, ಬಾಯಿಯ ಸುತ್ತ ಬೆರಳುಗಳಂತಹ ಸಣ್ಣ ಎಳೆಗಳು. ಇವು ತಮ್ಮ ಅಡಿಯಲ್ಲಿ ಸುಣ್ಣದ ಗೂಡನ್ನು ಕಟ್ಟಿಕೊಳ್ಳುತ್ತವೆ. ಹಳೆಯ ಗೂಡಿನ ಮೇಲೆ ಹೊಸ ಗೂಡು ಬೆಳೆಯುತ್ತದೆ. ಹೀಗೆ ಸಾವಿರಾರು ವರ್ಷಗಳಲ್ಲಿ ಹವಳದ ದಿಬ್ಬವಾಗುತ್ತದೆ. ಕೇರಳದ ಪಶ್ಚಿಮಕ್ಕೆ ಅರಬ್ಬೀ ಕಡಲಿನಲ್ಲಿರುವ ಲಕ್ಷದ್ವೀಪದ ನೆಲವೆಲ್ಲ ಈ ಪುಟ್ಟ ಪ್ರಾಣಿಗಳು ಕಟ್ಟಿದ್ದೇ.

ಇನ್ನೊಂದು ಸೋಜಿಗ ಕೇಳಿ. ದಿಬ್ಬ ಕಟ್ಟುವ ಹವಳದ ಮೈಯೊಳಗೇ ಒಂದು ಜಾತಿಯ ಪಾಚಿ ಇದೆ! ಅದು ಕಣ್ಣಿಗೆ ಕಾಣದಷ್ಟು ಸಣ್ಣದು, ಬಣ್ಣ ಹೊಂಬಣ್ಣದ ಕಂದು. ಹವಳ ಅದಕ್ಕೆ ಮನೆ ಕೊಡುತ್ತದೆ. ಅದು ಬೆಳಕಿನಿಂದ ಆಹಾರ ತಯಾರಿಸಿ ಹವಳಕ್ಕೆ ಬಡಿಸುತ್ತದೆ. ಹವಳದ ಊಟದಲ್ಲಿ ಬಹುಪಾಲು ಹೀಗೆ ಬಂದದ್ದು. ಆದ್ದರಿಂದ ಪಾಚಿಯೆಲ್ಲ ಕೆಟ್ಟದ್ದು ಎಂದು ಹೇಳುವಂತಿಲ್ಲ. ಮೈಯೊಳಗಿನ ಪಾಚಿ ನೆಂಟ. ಮೈಮೇಲೆ ಬಂದು ಮುಚ್ಚುವ ಪಾಚಿ ಹಗೆ. ಕೂದಲಿನಂತೆ ಬೆಳೆಯುವ ಹಸುರು ಪಾಚಿ ಹವಳದ ಮೇಲೆ ಹಬ್ಬಿದರೆ ಹವಳಕ್ಕೆ ಬೆಳಕು ಸಿಗದು. ಮೆಲ್ಲಮೆಲ್ಲನೆ ಅದು ಸಾಯುತ್ತದೆ.

ತೊಟ್ಟಿ ನೋಡಿಕೊಳ್ಳುವವರ ಕಷ್ಟ ಈಗ ನಿಮಗೆ ಅರ್ಥವಾಗಿರಬೇಕು. "ಬೆಳಕು ಇದ್ದರೆ ತಾನೇ ಪಾಚಿ ಬೆಳೆಯುವುದು? ದೀಪ ಆರಿಸಿಬಿಡೋಣ" ಎಂದು ನೀವು ಹೇಳಬಹುದು. ಆರಿಸಿದರೆ ಹವಳವೂ ಹಸಿಯುತ್ತದೆ. ಬೆಳಕನ್ನು ಒಂದಿಷ್ಟು ತಗ್ಗಿಸಬಹುದು, ತೊಟ್ಟಿಯ ಮೇಲೆ ನೇರ ಬಿಸಿಲು ಬೀಳದಂತೆ ನೋಡಿಕೊಳ್ಳಬಹುದು. ಅಷ್ಟೇ. ಉಳಿದಿರುವುದು ಎರಡು ದಾರಿ. ಪಾಚಿಯನ್ನು ತಿನ್ನುವವರನ್ನು ಸಾಕುವುದು ಒಂದು. ಪಾಚಿಗೇ ಊಟ ಸಿಗದಂತೆ ಮಾಡುವುದು ಇನ್ನೊಂದು.

ತಿನ್ನುವವರಲ್ಲಿ ನನಗೆ ತುಂಬ ಮೆಚ್ಚುಗೆಯಾದದ್ದು ಬಸವನಹುಳು. ಕಡಲಿನಲ್ಲಿ ಶಂಖದಂತಹ ಚಿಪ್ಪು ಹೊತ್ತ ಬಸವನಹುಳುಗಳಿವೆ. ಅವುಗಳ ನಾಲಿಗೆಯ ಮೇಲೆ ಸಾಲುಸಾಲಾಗಿ ಸಣ್ಣ ಹಲ್ಲುಗಳಿವೆ. ಬಡಗಿಯ ಬಳಿ ಇರುವ ಅರವನ್ನು ನೆನಪಿಸಿಕೊಳ್ಳಿ. ಅರದಿಂದ ಮರವನ್ನು ಉಜ್ಜಿದಂತೆ ಬಸವನಹುಳು ನಾಲಿಗೆಯಿಂದ ಕಲ್ಲನ್ನು ಉಜ್ಜುತ್ತದೆ. ಅದು ಗಾಜಿನ ಮೇಲೆ ಹರಿಯುವಾಗ ಹೊರಗಿನಿಂದ ನೋಡಿದರೆ ಬಾಯಿ ತೆರೆದು ಮುಚ್ಚುವುದು ಕಾಣುತ್ತದೆ. ಅದು ಹೋದ ದಾರಿಯಷ್ಟೇ ಶುಭ್ರ, ಅಕ್ಕಪಕ್ಕ ಹಸುರು. ಹೆಚ್ಚಾಗಿ ರಾತ್ರಿಯೇ ಇದರ ಕೆಲಸ. ಒಂದು ತೊಂದರೆ ಇದೆ. ಕೆಲವು ಜಾತಿಯ ಬಸವನಹುಳುಗಳು ಮರಳಿನ ಮೇಲೆ ಮಗುಚಿ ಬಿದ್ದರೆ ತಾವಾಗಿ ಏಳಲಾರವು. ಬೆಳಗ್ಗೆ ಬಂದವರು ಮೊದಲು ಅವನ್ನು ಎತ್ತಿ ನಿಲ್ಲಿಸಬೇಕು!

ಸನ್ಯಾಸಿ ಏಡಿ ಇನ್ನೊಬ್ಬ ಕೆಲಸಗಾರ. ಇದಕ್ಕೆ ಸ್ವಂತ ಚಿಪ್ಪಿಲ್ಲ. ಸತ್ತ ಬಸವನಹುಳುವಿನ ಚಿಪ್ಪಿನೊಳಗೆ ಹೊಕ್ಕು ಅದನ್ನೇ ಹೊತ್ತು ತಿರುಗುತ್ತದೆ. ಕಲ್ಲಿನ ಸಂದಿಗಳಲ್ಲಿ ಬೆಳೆದ ಪಾಚಿಯನ್ನು ಚಿಮುಟಿ ಹಿಡಿದಂತೆ ಕಿತ್ತು ತಿನ್ನುತ್ತದೆ. ಮೈ ಬೆಳೆದಾಗ ದೊಡ್ಡ ಚಿಪ್ಪು ಬೇಕು. ತೊಟ್ಟಿಯಲ್ಲಿ ಖಾಲಿ ಚಿಪ್ಪು ಇಡದಿದ್ದರೆ ಜೀವಂತ ಬಸವನಹುಳುವನ್ನೇ ಕೊಂದು ಅದರ ಮನೆ ಕಸಿದುಕೊಳ್ಳುವುದೂ ಉಂಟು. ಹೆಸರು ಮಾತ್ರ ಸನ್ಯಾಸಿ.

ಸರ್ಜನ್ ಎಂಬ ಮೀನುಗಳಿವೆ. ಸರ್ಜನ್ ಎಂದರೆ ಶಸ್ತ್ರಚಿಕಿತ್ಸೆ ಮಾಡುವ ವೈದ್ಯರು. ಈ ಮೀನಿನ ಬಾಲದ ಬುಡದಲ್ಲಿ ಎರಡೂ ಕಡೆ ಚೂರಿಯಂತಹ ಮುಳ್ಳು ಇರುವುದರಿಂದ ಆ ಹೆಸರು. ಇವು ದನಗಳಂತೆ ದಿನವಿಡೀ ಮೇಯುತ್ತವೆ. ಆದರೆ ಈಜಲು ಬಹಳ ಜಾಗ ಬೇಕು. ಸಣ್ಣ ತೊಟ್ಟಿಯಲ್ಲಿ ಇವನ್ನು ಇಡುವುದು ತಪ್ಪು.

ಕೊನೆಯದಾಗಿ ಕಡಲ ಮುಳ್ಳುಚೆಂಡು. ಇಂಗ್ಲಿಷಿನಲ್ಲಿ ಇದನ್ನು ಸೀ ಅರ್ಚಿನ್ ಎನ್ನುತ್ತಾರೆ. ಮೈತುಂಬ ಮುಳ್ಳಿರುವ ಚೆಂಡು ಎಂದುಕೊಳ್ಳಿ. ಬಾಯಿ ಕೆಳಗಡೆ ಇದೆ. ಅದರಲ್ಲಿ ಐದು ಗಟ್ಟಿ ಹಲ್ಲುಗಳು. ಇದು ಹೋದಲ್ಲೆಲ್ಲ ಕಲ್ಲನ್ನು ಬೋಳಿಸುತ್ತದೆ.

ಈ ಮುಳ್ಳುಚೆಂಡಿನಿಂದ ಏನು ಮಹಾ ಉಪಯೋಗ ಎಂದು ಕೇಳಬೇಡಿ. ಅದಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಕಡಲೇ ಒಮ್ಮೆ ತೋರಿಸಿಕೊಟ್ಟಿದೆ. ಭೂಪಟದಲ್ಲಿ ಉತ್ತರ ಅಮೆರಿಕ ಮತ್ತು ದಕ್ಷಿಣ ಅಮೆರಿಕಗಳ ನಡುವೆ ಕೆರಿಬಿಯನ್ ಕಡಲನ್ನು ಹುಡುಕಿ. ಅಲ್ಲಿ ಜಮೈಕಾ ಎಂಬ ದ್ವೀಪವಿದೆ. ವೇಗದ ಓಟಗಾರ ಉಸೇನ್ ಬೋಲ್ಟ್ ಅವರ ನಾಡು. ಅದರ ಸುತ್ತ ಸುಂದರವಾದ ಹವಳದ ದಿಬ್ಬಗಳಿದ್ದವು. ಅಲ್ಲಿನ ಜನರು ಪಾಚಿ ಮೇಯುವ ಮೀನುಗಳನ್ನು ಬಹಳ ಕಾಲದಿಂದ ಅತಿಯಾಗಿ ಹಿಡಿಯುತ್ತಿದ್ದರು. ಮೀನುಗಳು ಕಡಮೆಯಾದವು. ಆದರೂ ಪಾಚಿ ಹೆಚ್ಚಲಿಲ್ಲ. ಉದ್ದ ಮುಳ್ಳಿನ ಕರಿಯ ಮುಳ್ಳುಚೆಂಡುಗಳು ಅದನ್ನು ತಿನ್ನುತ್ತಿದ್ದುದೇ ಅದಕ್ಕೆ ಕಾರಣ. 1980ರಲ್ಲಿ ದೊಡ್ಡ ಚಂಡಮಾರುತ ಬೀಸಿ ಹವಳಗಳು ಮುರಿದವು. ಮತ್ತೆ ಬೆಳೆಯುತ್ತವೆ ಎಂದು ಎಲ್ಲರೂ ನಂಬಿದ್ದರು.

1983ರ ಜನವರಿಯಲ್ಲಿ ಪನಾಮಾದ ಬಳಿ ಆ ಮುಳ್ಳುಚೆಂಡುಗಳು ಸಾಯತೊಡಗಿದವು. ಮುಳ್ಳುಗಳು ಉದುರಿ ಚಿಪ್ಪು ಮಾತ್ರ ಉಳಿಯುತ್ತಿತ್ತು. ಯಾವುದೋ ಒಂದು ರೋಗ ಕಡಲ ನೀರಿನೊಂದಿಗೆ ದ್ವೀಪದಿಂದ ದ್ವೀಪಕ್ಕೆ ಹರಡಿತು. ಸುಮಾರು ಒಂದು ವರ್ಷದೊಳಗೆ ಕೆರಿಬಿಯನ್ ಕಡಲಿನ ನೂರು ಮುಳ್ಳುಚೆಂಡುಗಳಲ್ಲಿ ತೊಂಬತ್ತಕ್ಕಿಂತ ಹೆಚ್ಚು ಸತ್ತುಹೋದವು. ಮೀನೂ ಇಲ್ಲ, ಮುಳ್ಳುಚೆಂಡೂ ಇಲ್ಲ. ಪಾಚಿಯನ್ನು ತಡೆಯುವವರು ಯಾರು? 1970ರ ದಶಕದ ಕೊನೆಯಲ್ಲಿ ಜಮೈಕಾದ ದಿಬ್ಬಗಳ ಅರ್ಧದಷ್ಟು ಭಾಗವನ್ನು ಜೀವಂತ ಹವಳ ಮುಚ್ಚಿತ್ತು. 1990ರ ದಶಕದ ಮೊದಲ ವರ್ಷಗಳಲ್ಲಿ ನೋಡಿದಾಗ ನೂರರಲ್ಲಿ ಐದು ಪಾಲೂ ಉಳಿದಿರಲಿಲ್ಲ. ಉಳಿದ ಜಾಗವನ್ನೆಲ್ಲ ಪಾಚಿ ಹಿಡಿದಿತ್ತು.

ಇದನ್ನು ತಲೆಕೆಳಗು ಮಾಡಿದ ಕೆಲಸ ಹವಾಯಿಯಲ್ಲಿ ನಡೆದಿದೆ. ಇದು ಪೆಸಿಫಿಕ್ ಸಾಗರದ ನಡುವೆ ಇರುವ ದ್ವೀಪಗಳ ಗುಂಪು. ಅಲ್ಲಿನ ಕನಿಯೋಹೆ ಎಂಬ ಕೊಲ್ಲಿಗೆ 1970ರ ದಶಕದಲ್ಲಿ ಬೇಸಾಯಕ್ಕೆಂದು ಹೊರಗಿನ ಕಡಲ ಪಾಚಿಯನ್ನು ತಂದರು. ಬೇಸಾಯ ನಿಂತಿತು, ಪಾಚಿ ಉಳಿಯಿತು. ಹವಳಗಳ ಮೇಲೆ ದಪ್ಪ ಚಾಪೆಯಂತೆ ಹಬ್ಬಿತು. ಮುಳುಗುಗಾರರು ನೀರಿನೊಳಗೆ ಇಳಿದು ಅದನ್ನು ಕೈಯಿಂದ ಕಿತ್ತು, ಪಂಪಿನ ಕೊಳವೆಯಲ್ಲಿ ದೋಣಿಗೆ ಎಳೆದರು. ಕಿತ್ತದ್ದು ಹೊಲಗಳಿಗೆ ಗೊಬ್ಬರವಾಯಿತು. ಆದರೆ ಚೂರು ಉಳಿದರೂ ಮತ್ತೆ ಚಿಗುರುತ್ತದೆಯಲ್ಲ? ಅದಕ್ಕಾಗಿ ಆ ದ್ವೀಪದ ಮುಳ್ಳುಚೆಂಡಿನ ಮರಿಗಳನ್ನು ತೊಟ್ಟಿಗಳಲ್ಲಿ ಬೆಳೆಸಿ, 2011ರಿಂದ ಲಕ್ಷಗಟ್ಟಲೆ ಮರಿಗಳನ್ನು ದಿಬ್ಬಗಳ ಮೇಲೆ ಬಿಟ್ಟಿದ್ದಾರೆ. ಮನುಷ್ಯ ಕಿತ್ತು ಮುಗಿಸಲಾಗದ್ದನ್ನು ಅವು ತಿಂದು ಮುಗಿಸುತ್ತವೆ.

ಇನ್ನು ತೊಟ್ಟಿಗೆ ಮರಳೋಣ. ತಿನ್ನುವವರನ್ನು ತಂದು ಬಿಟ್ಟರೆ ಕೆಲಸ ಮುಗಿಯಿತೇ? ಇಲ್ಲ. ಅತಿ ಹೆಚ್ಚು ಬಸವನಹುಳು ಬಿಟ್ಟರೆ ಅವುಗಳಿಗೆ ಪಾಚಿ ಸಾಲದೆ ಸಾಯುತ್ತವೆ. ಸತ್ತದ್ದು ಕೊಳೆಯುತ್ತದೆ. ಕೊಳೆತದ್ದು ಪಾಚಿಗೆ ಗೊಬ್ಬರವಾಗುತ್ತದೆ. ಪಾಚಿ ಮತ್ತೆ ಹುಟ್ಟುತ್ತದೆ!

ಹೌದು, ಪಾಚಿಗೂ ಗೊಬ್ಬರ ಬೇಕು. ನಿಮ್ಮ ಮನೆಯ ತೋಟಕ್ಕೆ ಹಾಕುವ ಗೊಬ್ಬರದಲ್ಲಿ ಸಾರಜನಕ ಮತ್ತು ರಂಜಕ ಇರುತ್ತವೆ. ಪಾಚಿಗೆ ಬೇಕಾದದ್ದೂ ಅವೇ. ತೊಟ್ಟಿಯ ನೀರಿನಲ್ಲಿ ಅವು ನೈಟ್ರೇಟ್, ಫಾಸ್ಫೇಟ್ ಎಂಬ ರೂಪದಲ್ಲಿರುತ್ತವೆ. ಹವಳದ ದಿಬ್ಬವಿರುವ ತೆರೆದ ಕಡಲಿನಲ್ಲಿ ಇವು ಬಹಳ ಕಡಮೆ. ಆದ್ದರಿಂದಲೇ ಅಲ್ಲಿನ ನೀರು ಅಷ್ಟು ತಿಳಿ. ಗಾಜಿನ ತೊಟ್ಟಿಗೆ ಇವು ಎಲ್ಲಿಂದ ಬರುತ್ತವೆ? ನಾವು ಹಾಕುವ ಮೀನಿನ ಆಹಾರದಿಂದ. ಪ್ರೀತಿಯಿಂದ ಒಂದು ಹಿಡಿ ಹೆಚ್ಚು ಹಾಕುತ್ತೇವೆ. ಮೀನು ತಿಂದಷ್ಟು ತಿಂದು ಬಿಡುತ್ತದೆ. ಉಳಿದದ್ದು ತಳಕ್ಕೆ ಬಿದ್ದು ಕೊಳೆಯುತ್ತದೆ. ಮೀನಿನ ಹಿಕ್ಕೆಯೂ ಅದರೊಂದಿಗೆ ಸೇರುತ್ತದೆ. ಆದ್ದರಿಂದ ಮೀನು ಒಂದೆರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಬೇಕು. ಪಾಚಿ ತಡೆಯಲು ಇದಕ್ಕಿಂತ ಅಗ್ಗದ ಉಪಾಯ ಇನ್ನೊಂದಿಲ್ಲ. ಆದರೂ ಬಹಳ ಜನರು ತಪ್ಪುವುದು ಇಲ್ಲಿಯೇ.

ಕೊಳಕನ್ನು ಕಳೆಯಲು ಕಲ್ಲುಗಳೂ ನೆರವಾಗುತ್ತವೆ. ಹವಳದ ಹಳೆಯ ಕಲ್ಲಿನಲ್ಲಿ ಸ್ಪಂಜಿನಂತೆ ಸಣ್ಣ ಸಣ್ಣ ರಂಧ್ರಗಳಿವೆ. ಹೊರಮೈಯಲ್ಲಿ ವಾಸಿಸುವ ಬ್ಯಾಕ್ಟೀರಿಯಾಗಳು ಮೀನಿನ ಕೊಳಕಿನಲ್ಲಿರುವ ವಿಷದಂತಹ ಅಮೋನಿಯಾವನ್ನು ನೈಟ್ರೇಟ್ ಆಗಿ ಬದಲಿಸುತ್ತವೆ. ಆಮ್ಲಜನಕ ತಲಪದ ಒಳಭಾಗದಲ್ಲಿ ಬೇರೆ ಬ್ಯಾಕ್ಟೀರಿಯಾಗಳಿವೆ. ಅವು ಆ ನೈಟ್ರೇಟನ್ನು ಒಡೆದು ಸಾರಜನಕ ಅನಿಲವನ್ನಾಗಿ ಮಾಡುತ್ತವೆ. ಅದು ಗುಳ್ಳೆಯಾಗಿ ಗಾಳಿಗೆ ಸೇರುತ್ತದೆ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾಗಳು ನೆಲೆಯಾಗಲು ವಾರಗಳೇ ಬೇಕು. ಅಷ್ಟರಲ್ಲಿ ಗಾಜಿನ ಮೇಲೆ ಮೊದಲು ಕಂದು ಪುಡಿಯಂತಹ ಪಾಚಿ, ಆಮೇಲೆ ಹಸುರು ಪಾಚಿ ಬರುವುದು ಸಾಮಾನ್ಯ. ಆಗ ಗಾಬರಿಯಾಗಿ ಮದ್ದು ಸುರಿಯುವವರೇ ತೊಟ್ಟಿಯನ್ನು ಕೆಡಿಸಿಕೊಳ್ಳುತ್ತಾರೆ.

ನೀರು ಬದಲಿಸುವುದೂ ಒಂದು ಕೆಲಸ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. 100 ಲೀಟರಿನ ತೊಟ್ಟಿಯಿಂದ ವಾರಕ್ಕೆ 10 ಲೀಟರ್ ತೆಗೆದರೆ, ಹೊಸ ನೀರಿಗೆ ಎಷ್ಟು ಉಪ್ಪು ಬೇಕು? ಲೆಕ್ಕ ಮಾಡಿ ನೋಡಿ. 350 ಗ್ರಾಂ. ಇದು ಅಡುಗೆಯ ಉಪ್ಪಲ್ಲ. ಕಡಲಿನಲ್ಲಿರುವ ಬೇರೆ ಬೇರೆ ಲವಣಗಳನ್ನು ಬೆರೆಸಿ ತಯಾರಿಸಿದ ಉಪ್ಪು. ಬಾವಿಯ ಅಥವಾ ನಳ್ಳಿಯ ನೀರಿನಲ್ಲಿ ಹೊಲದ ಗೊಬ್ಬರದ ಅಂಶ ಇರಬಹುದು. ಅದಕ್ಕಾಗಿ ಚೆನ್ನಾಗಿ ಶುದ್ಧೀಕರಿಸಿದ ನೀರನ್ನೇ ಬಳಸುತ್ತಾರೆ. ಇಲ್ಲಿ ನಿಮಗೊಂದು ಪ್ರಶ್ನೆ. ತೊಟ್ಟಿಯ ನೀರು ಆವಿಯಾಗಿ ತಗ್ಗಿದಾಗ ಅದನ್ನು ತುಂಬಲು ಉಪ್ಪುನೀರು ಹಾಕಬೇಕೋ, ಸಿಹಿನೀರೋ? ಉಪ್ಪಿನ ಗದ್ದೆಯಲ್ಲಿ ಬಿಸಿಲಿಗೆ ನೀರು ಆರಿದಾಗ ಏನು ಉಳಿಯುತ್ತದೆ ಎಂದು ಯೋಚಿಸಿದರೆ ಉತ್ತರ ಹೊಳೆಯುತ್ತದೆ.

ಪಾಚಿಯ ಹಸಿವನ್ನೇ ಉಪಾಯವಾಗಿ ಬಳಸಿದವರೂ ಇದ್ದಾರೆ. ಅಮೆರಿಕದ ವಾಷಿಂಗ್ಟನ್ ನಗರದಲ್ಲಿ ಸ್ಮಿತ್‌ಸೋನಿಯನ್ ಸಂಸ್ಥೆಯ ವಸ್ತುಸಂಗ್ರಹಾಲಯವಿದೆ. ಅಲ್ಲಿನ ವಿಜ್ಞಾನಿ ವಾಲ್ಟರ್ ಏಡಿ ಕೆರಿಬಿಯನ್ ದಿಬ್ಬಗಳನ್ನು ಬಹಳ ಕಾಲ ನೋಡಿ ತಿಳಿದವರು. 1980ರಲ್ಲಿ ಅಲ್ಲಿ ಜೀವಂತ ಹವಳದ ದಿಬ್ಬವನ್ನು ಜನರಿಗೆ ತೋರಿಸುವ ತೊಟ್ಟಿ ಸಿದ್ಧವಾಯಿತು. ಅದರ ನೀರನ್ನು ಶುದ್ಧಮಾಡಲು ಏಡಿ ಅವರು ಪಾಚಿಯನ್ನೇ ಕೆಲಸಕ್ಕೆ ಹಚ್ಚಿದರು! ತೊಟ್ಟಿಯ ನೀರನ್ನು ಬೇರೊಂದು ತಟ್ಟೆಗೆ ಹರಿಸಿದರು. ತಟ್ಟೆಯಲ್ಲಿ ಒಂದು ಬಲೆಯ ಹಾಳೆ, ಅದರ ಮೇಲೆ ಜೋರಾದ ಬೆಳಕು. ಪಾಚಿ ಆ ಬಲೆಯ ಮೇಲೆ ದಟ್ಟವಾಗಿ ಬೆಳೆದು ನೀರಿನಲ್ಲಿದ್ದ ಗೊಬ್ಬರವನ್ನೆಲ್ಲ ಹೀರಿಕೊಂಡಿತು. ಆಗಾಗ ಬಲೆಯನ್ನು ಹೊರತೆಗೆದು ಪಾಚಿಯನ್ನು ಕೆರೆದು ಎಸೆಯುತ್ತಿದ್ದರು. ದನಕ್ಕೆ ಹುಲ್ಲು ಕೊಯ್ದಂತೆ! ತಟ್ಟೆಯ ಪಾಚಿ ಮೊದಲೇ ಉಂಡುಬಿಟ್ಟರೆ ಹವಳದ ಮೇಲೆ ಬರುವ ಪಾಚಿಗೆ ಏನು ಸಿಗುತ್ತದೆ? ಪಾಚಿಗೆ ಪಾಚಿಯೇ ಮದ್ದಾಯಿತು.

ಮನೆಯಲ್ಲಿ ತೊಟ್ಟಿ ಇಟ್ಟವರು ಇದನ್ನೇ ಇನ್ನೊಂದು ರೀತಿಯಲ್ಲಿ ಮಾಡುತ್ತಾರೆ. ದೊಡ್ಡ ತೊಟ್ಟಿಯ ಕೆಳಗೆ ಸಣ್ಣ ತೊಟ್ಟಿ ಇಟ್ಟು, ಅದರಲ್ಲಿ ಕಡಲಿನ ದೊಡ್ಡ ಜಾತಿಯ ಪಾಚಿ ಬೆಳೆಸುತ್ತಾರೆ. ಮೇಲೆ ರಾತ್ರಿಯಾದಾಗ ಕೆಳಗೆ ದೀಪ ಉರಿಸುತ್ತಾರೆ. ಹಸುರು ನೂಲಿನ ಸಿಕ್ಕಿನಂತಿರುವ ಒಂದು ಜಾತಿ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ.

ಹಿಂದೆ ಕಾಲರ್ಪ ಎಂಬ ಪಾಚಿಯನ್ನೂ ಬಳಸುತ್ತಿದ್ದರು. ನೋಡಲು ಅಂದ, ಜರಿಗಿಡದ ಎಲೆಯಂತೆ. ಅದರ ಒಂದು ಜಾತಿ ಯೂರೋಪಿನ ಮತ್ಸ್ಯಾಲಯಗಳಲ್ಲಿ ಇತ್ತು. 1984ರಲ್ಲಿ ಮೊನಾಕೊ ಎಂಬ ಪುಟ್ಟ ದೇಶದ ಕಡಲತೀರದಲ್ಲಿ, ಅಲ್ಲಿನ ಮತ್ಸ್ಯಾಲಯದ ಕೆಳಗೇ, ಅದು ಕಾಣಿಸಿತು. ಆಗ ಅದರ ಹರವು ಸುಮಾರು ಒಂದು ಚದರ ಮೀಟರ್. ನೀವು ಕುಳಿತ ಬೆಂಚಿನಷ್ಟು ಜಾಗ ಎನ್ನಿ. ಅದನ್ನು ಆಗಲೇ ಯಾರಾದರೂ ಕಿತ್ತುಹಾಕಿದ್ದರೆ! ಯಾರೂ ಕೀಳಲಿಲ್ಲ. ಅದರ ರಸ ಕಹಿ, ಅಲ್ಲಿನ ಹೆಚ್ಚಿನ ಪ್ರಾಣಿಗಳು ಅದನ್ನು ತಿನ್ನುವುದಿಲ್ಲ. ಮುಂದೆ ಅದು ಫ್ರಾನ್ಸ್, ಇಟಲಿ ಮೊದಲಾದ ದೇಶಗಳ ತೀರದಲ್ಲಿ ಸಾವಿರಾರು ಎಕರೆ ಕಡಲತಳಕ್ಕೆ ಹಬ್ಬಿತು. ಅಮೆರಿಕದ ಕ್ಯಾಲಿಫೋರ್ನಿಯಾದ ಒಂದು ಹಿನ್ನೀರಿನಲ್ಲಿ 2000ರಲ್ಲಿ ಇದೇ ಪಾಚಿ ಕಂಡಾಗ ಅಲ್ಲಿನವರು ತಡಮಾಡಲಿಲ್ಲ. ಪಾಚಿಯ ಮೇಲೆ ದಪ್ಪ ಟಾರ್ಪಾಲು ಮುಚ್ಚಿ ಅಂಚುಗಳನ್ನು ಬಿಗಿದು, ಒಳಗೆ ಕ್ಲೋರಿನ್ ಹಾಕಿದರು. ಪೂರ್ತಿ ಹೋಯಿತು ಎಂದು ಹೇಳಲು 2006ರ ತನಕ ಕಾಯಬೇಕಾಯಿತು. ತೊಟ್ಟಿಯ ನೀರನ್ನಾಗಲಿ, ಕಿತ್ತ ಪಾಚಿಯನ್ನಾಗಲಿ ತೋಡಿಗೆ, ಹೊಳೆಗೆ, ಕಡಲಿಗೆ ಚೆಲ್ಲಬಾರದು ಎಂದು ಹೇಳುವುದು ಇದಕ್ಕಾಗಿಯೇ. ಪಾಚಿಯನ್ನು ಬಿಸಿಲಿನಲ್ಲಿ ಪೂರ್ತಿ ಒಣಗಿಸಿ ಮಣ್ಣಿನಲ್ಲಿ ಹೂಳಬೇಕು.

ಇಷ್ಟೆಲ್ಲ ಓದಿದ ಮೇಲೆ ನಿಮಗೂ ಹವಳದ ತೊಟ್ಟಿ ಬೇಕೆನಿಸಬಹುದು. ನಮ್ಮ ದೇಶದ ಕಡಲಿನ ಹವಳಗಳಿಗೆ ಕಾನೂನಿನ ರಕ್ಷಣೆ ಇದೆ. ವನ್ಯಜೀವಿ ಸಂರಕ್ಷಣೆಯ ಕಾಯ್ದೆ ಬಂದದ್ದು 1972ರಲ್ಲಿ. ದಿಬ್ಬ ಕಟ್ಟುವ ಹವಳಗಳನ್ನು ಅದರ ಪಟ್ಟಿಗೆ ಸೇರಿಸಿದ್ದು 2001ರಲ್ಲಿ. ಹುಲಿಯನ್ನು ಹಿಡಿದು ತರಬಾರದೋ ಹೇಗೋ ಹಾಗೆಯೇ ಹವಳವನ್ನೂ ಕಡಲಿನಿಂದ ಕಿತ್ತು ತರುವಂತಿಲ್ಲ. ಲಕ್ಷದ್ವೀಪಕ್ಕೆ ಹೋದರೂ ಒಂದು ತುಂಡನ್ನು ಜೇಬಿಗೆ ಹಾಕಿಕೊಳ್ಳಬಾರದು.

ತೊಟ್ಟಿ ಇಲ್ಲದಿದ್ದರೂ ಪಾಚಿ ಮೇಯುವವರನ್ನು ನೀವು ನೋಡಬಹುದು. ಕಡಲತೀರದಲ್ಲಿ ಬಂಡೆಗಳಿರುವ ಕಡೆಗೆ, ಬೇಕಲದಂತಹ ಜಾಗಕ್ಕೆ, ಇಳಿತದ ಹೊತ್ತಿನಲ್ಲಿ ದೊಡ್ಡವರ ಜೊತೆ ಹೋಗಿ. ಬಂಡೆ ಜಾರುತ್ತದೆ, ಜೋಕೆ. ನೀರು ಇಳಿದ ಬಂಡೆಯ ಮೇಲೆ ತೆಳುವಾಗಿ ಹಸುರು ಕಟ್ಟಿರುತ್ತದೆ. ಹತ್ತಿರದಿಂದ ನೋಡಿ. ಆ ಹಸುರಿನ ನಡುವೆ ಅಂಕುಡೊಂಕಾದ ಬೋಳು ಗೆರೆಗಳು ಕಂಡರೆ ಒಂದನ್ನು ಬೆರಳಿನಿಂದ ಹಿಂಬಾಲಿಸಿ. ಗೆರೆಯ ಕೊನೆಯಲ್ಲಿ ಒಂದು ಪುಟ್ಟ ಬಸವನಹುಳು ಚಿಪ್ಪು ಬಿಗಿದು ಕುಳಿತಿರಬಹುದು. ಅದನ್ನು ಕೀಳಬೇಡಿ. ನೀರು ಮತ್ತೆ ಏರಿದಾಗ ಅದಕ್ಕೆ ಕೆಲಸವಿದೆ.